ಮೆಟ್ಟಿಲಿಲ್ಲದ ಹುದ್ದೆಗಳು: ಹುಣಸೂರು–ಎಚ್.ಡಿ. ಕೋಟೆ ಸೀಮೆಯ ಆದಿವಾಸಿ ಮಹಿಳೆಯರು ಮತ್ತು ಬಡ್ತಿಯ ಪ್ರಶ್ನೆ

ಕರ್ನಾಟಕದಲ್ಲಿ ಸರ್ಕಾರಿ ನೌಕರರ ಬಡ್ತಿಗೆ ಮೀಸಲಾತಿ ಬಂದದ್ದು 1978ರ ಏಪ್ರಿಲ್ 27ರ ಆದೇಶದಿಂದ. ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3. ಅದೂ ಗ್ರೂಪ್ ‘ಎ’ ಹುದ್ದೆಗಳ ಮೊದಲ ಹಂತದವರೆಗೆ ಮಾತ್ರ. ಆಗ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಡಿ. ದೇವರಾಜ ಅರಸು. ಆ ಆದೇಶ ಅರಸರ ಸ್ವಂತ ತಾಲ್ಲೂಕಿನ ಹಾಡಿಗಳ (ಆದಿವಾಸಿ ನೆಲೆಗಳ) ಹೆಣ್ಣುಮಕ್ಕಳವರೆಗೆ ಬಂದಿತೇ, ಬಾರದಿದ್ದರೆ ದಾರಿಯಲ್ಲಿ ಎಲ್ಲಿ ನಿಂತಿತು ಎಂಬುದನ್ನು ನೋಡುವುದು ಈ ಟಿಪ್ಪಣಿಯ ಉದ್ದೇಶ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರು–ಹುಣಸೂರು ಹೆದ್ದಾರಿಯಿಂದ ಹಾಸನ, ಬೇಲೂರಿನ ರಸ್ತೆ ಕವಲೊಡೆಯುವುದು ಬಿಳಿಕೆರೆಯಲ್ಲಿ. ಆ ಕವಲಿನಲ್ಲಿ ಹೊರಟರೆ ಕೆ.ಆರ್. ನಗರದ ಕಾವೇರಿ ನಾಲೆಯ ಭತ್ತದ ಬಯಲು. ನೇರ ಪಶ್ಚಿಮಕ್ಕೆ ನಡೆದರೆ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್‌ಗಳು, ಅವುಗಳ ಆಚೆ ನಾಗರಹೊಳೆಯ ಅಂಚು, ದಕ್ಷಿಣಕ್ಕೆ ಎಚ್.ಡಿ. ಕೋಟೆ. ಈ ಕಾಡಂಚಿನಲ್ಲಿ ಜೇನು ಕುರುಬರು, ಬೆಟ್ಟ ಕುರುಬರು, ಎರವರು, ಸೋಲಿಗರು ಇದ್ದಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. ‘ಮ್ಯಾನೇಜರ್’ ಎಂದೊಡನೆ ಬೆಂಗಳೂರಿನ ಕಂಪನಿಯ ಕೋಣೆ ಕಣ್ಣಿಗೆ ಬರುತ್ತದೆ. ಇಲ್ಲಿ ಆ ಪದಕ್ಕೆ ನಾನು ಕೊಡುವ ಅರ್ಥ ಬೇರೆ: ಇನ್ನೊಬ್ಬರ ಕೆಲಸದ ಮೇಲ್ವಿಚಾರಣೆ, ಹಣದ ಮೇಲೆ ಸಹಿ, ಹಾಜರಾತಿಯ ಮೇಲೆ ಅಧಿಕಾರ. ಆ ಅರ್ಥದಲ್ಲಿ ಅಂಗನವಾಡಿ ಮೇಲ್ವಿಚಾರಕಿ, ಹಾಸ್ಟೆಲ್ ವಾರ್ಡನ್, ಮುಖ್ಯಶಿಕ್ಷಕಿ, ಗ್ರಾಮ ಪಂಚಾಯಿತಿ ಅಧ್ಯಕ್ಷೆ ಎಲ್ಲರೂ ಆಡಳಿತ ನಡೆಸುವವರೇ.

ಪರಿಶಿಷ್ಟ ಪಂಗಡ ಎಂಬ ಒಂದೇ ಛತ್ರಿಯಡಿ ಯಾರ್ಯಾರು ನಿಂತಿದ್ದಾರೆ ಎಂದು ನೋಡದೆ ಮುಂದೆ ಹೋಗುವಂತಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ 42,48,987. ಅದರಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ಪಾಲು ನಾಯಕ ಸಮುದಾಯದ್ದು. ಜೇನು ಕುರುಬರು 36,076. ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳು ಕರ್ನಾಟಕದಲ್ಲಿ ಎರಡೇ, ಜೇನು ಕುರುಬ ಮತ್ತು ಕೊರಗ. ಬೆಟ್ಟ ಕುರುಬರ ಪಾಡು ಇನ್ನೂ ವಿಚಿತ್ರ. ಪಟ್ಟಿಯಲ್ಲಿ ‘ಕಾಡು ಕುರುಬ’ ಎಂದಿತ್ತು, ‘ಬೆಟ್ಟ ಕುರುಬ’ ಎಂದಿರಲಿಲ್ಲ. ಜಾತಿ ಪ್ರಮಾಣಪತ್ರಕ್ಕೆ ಹೋದವರನ್ನು ಆ ಹೆಸರಿನ ಕಾರಣಕ್ಕೆ ವಾಪಸು ಕಳಿಸಲಾಗುತ್ತಿತ್ತು. ಎರಡೂ ಒಂದೇ ಎಂದು ಸಂಸತ್ತು ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ಪ್ರಮಾಣಪತ್ರವೇ ಸಿಗದವಳಿಗೆ ಬಡ್ತಿಯ ಮಾತೆಲ್ಲಿ? ನೇಮಕಾತಿಯ ಅರ್ಜಿಯಲ್ಲೇ ಅವಳು ಹೊರಗೆ.

ಈಗ ದಾಖಲೆಯ ವಿಷಯ. ಬಡ್ತಿಯ ಸಂಶೋಧನೆಗೆ ಕೂತವರ ಕೈಗೆ ಮೊದಲು ಬರುವುದು ಇಲಾಖೆಯ ಜ್ಯೇಷ್ಠತಾ ಪಟ್ಟಿ. ಅದರ ಕಾಲಂಗಳು ಎಲ್ಲರಿಗೂ ಗೊತ್ತಿರುವಂಥವೇ: ಹೆಸರು, ವಿದ್ಯಾರ್ಹತೆ, ಜನ್ಮ ದಿನಾಂಕ, ಸೇವೆಗೆ ಸೇರಿದ ದಿನಾಂಕ, ಹಾಲಿ ವೃಂದಕ್ಕೆ ಬಂದ ದಿನಾಂಕ, ಪಾಸಾದ ಇಲಾಖಾ ಪರೀಕ್ಷೆಗಳು, ಕೊನೆಗೆ ವರ್ಗ. ವರ್ಗದ ಕಾಲಂನಲ್ಲಿ ‘ಪ.ಪಂ.’ ಎಂದಿರುತ್ತದೆ, ಅಲ್ಲಿಗೆ ಮುಗಿಯಿತು. ಹೆಸರು ನೋಡಿ ಹೆಂಗಸೆಂದು ತಿಳಿಯಬಹುದು. ಎರವಳೋ ನಾಯಕಳೋ ಎಂದು ತಿಳಿಯಲು ದಾರಿಯಿಲ್ಲ. ಯಾವ ಬಿಂದುವಿನ (ಸರದಿಯ) ಹುದ್ದೆ ಯಾವ ವರ್ಗಕ್ಕೆ ಎಂದು ಗೊತ್ತುಮಾಡುವ ರೋಸ್ಟರ್ ವಹಿಯಲ್ಲೂ ಹೀಗೆಯೇ. ಪಂಗಡದ ಬಿಂದು ಭರ್ತಿಯಾಯಿತೇ ಇಲ್ಲವೇ ಎಂಬುದಷ್ಟೇ ಅದರ ಕಾಳಜಿ. ‘ಆದಿವಾಸಿ ಮಹಿಳೆಗೆ ಬಡ್ತಿಯಲ್ಲಿ ಅನ್ಯಾಯವಾಗಿದೆ’ ಎಂದು ಯಾರಾದರೂ ಅರ್ಜಿ ಹಾಕಿದರೆ ಕಚೇರಿ ಕೊಡುವ ಉತ್ತರ ಸಿದ್ಧವಾಗಿದೆ: ಪಂಗಡದ ಬಿಂದು ತುಂಬಿದೆ, ಬಡ್ತಿ ಪಡೆದವರಲ್ಲಿ ಮಹಿಳೆಯರೂ ಇದ್ದಾರೆ. ಎರಡೂ ನಿಜವೇ ಇರಬಹುದು. ಪಂಗಡದ ಬಿಂದುವಿನಲ್ಲಿ ದೊಡ್ಡ ಸಮುದಾಯದ ಗಂಡಸು, ಬೇರೊಂದು ಬಿಂದುವಿನಲ್ಲಿ ಬೇರೆ ವರ್ಗದ ಹೆಂಗಸು ಕೂತಿದ್ದರೂ ವಹಿಯಲ್ಲಿ ಲೆಕ್ಕ ಸರಿಹೊಂದುತ್ತದೆ.

ಅಮೆರಿಕದಲ್ಲಿ 1976ರಲ್ಲಿ ತೀರ್ಪಾದ ಒಂದು ಮೊಕದ್ದಮೆ ಈ ಗಂಟನ್ನು ಚೆನ್ನಾಗಿ ತೋರಿಸುತ್ತದೆ. ಜನರಲ್ ಮೋಟಾರ್ಸ್ ವಿರುದ್ಧ ಐವರು ಕಪ್ಪು ಮಹಿಳೆಯರು ಕೋರ್ಟಿಗೆ ಹೋಗಿದ್ದರು. ಜ್ಯೇಷ್ಠತೆಯ ಪ್ರಕಾರ ಕೆಲಸದಿಂದ ತೆಗೆಯುವಾಗ, ತಡವಾಗಿ ಸೇರಿಸಿಕೊಳ್ಳಲಾಗಿದ್ದ ಕಪ್ಪು ಮಹಿಳೆಯರೇ ಮೊದಲು ಹೊರಬಿದ್ದರು ಎಂಬುದು ಅವರ ದೂರು. ಕಂಪನಿಯಲ್ಲಿ ಮಹಿಳೆಯರಿದ್ದಾರೆ, ಕಪ್ಪು ಜನರೂ ಇದ್ದಾರೆ, ಎರಡನ್ನೂ ಕೂಡಿಸಿ ಮೂರನೆಯ ವರ್ಗವೊಂದನ್ನು ಸೃಷ್ಟಿಸಲಾಗದು ಎಂದು ಕೋರ್ಟ್ ಹೇಳಿತು. ಇದ್ದ ಮಹಿಳೆಯರು ಆಫೀಸಿನ ಬಿಳಿಯ ಹೆಂಗಸರು, ಇದ್ದ ಕಪ್ಪು ಜನ ಕಾರ್ಖಾನೆಯ ಗಂಡಸರು. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಜನಾಂಗ ಮತ್ತು ಲಿಂಗದ ತಾರತಮ್ಯ ಒಂದೆಡೆ ಕೂಡುವುದನ್ನು ಕುರಿತು 1989ರಲ್ಲಿ ಬರೆದ ಪ್ರಸಿದ್ಧ ಲೇಖನ ಹುಟ್ಟಿದ್ದು ಈ ತೀರ್ಪಿನ ವಿಮರ್ಶೆಯಿಂದ. ನಮ್ಮ ರೋಸ್ಟರ್ ವಹಿಗೆ ಆ ಲೇಖನ ಬೇಕಿಲ್ಲದಿರಬಹುದು. ವಹಿಯನ್ನು ಓದುವವರಿಗೆ ಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮಹಿಳಾ ಮೀಸಲಾತಿ ಇರುವುದು ನೇರ ನೇಮಕಾತಿಯಲ್ಲಿ. ಸೇವೆಗೆ ಸೇರುವಾಗ ಹಾಡಿಯ ಹೆಣ್ಣುಮಗಳನ್ನು ‘ಪ.ಪಂ. ಮಹಿಳೆ’ ಎಂದು ಎಣಿಸುತ್ತಾರೆ. ಬಡ್ತಿಯ ದಿನ ಅವಳು ಬರೀ ‘ಪ.ಪಂ.’. 1978ರ ಆದೇಶದ ಶೇ 3ರ ಪಾಲು ಹತ್ತು ಹುದ್ದೆಗಳ ಸಣ್ಣ ವೃಂದದಲ್ಲಿ ಒಂದು ಹುದ್ದೆಯೂ ಆಗುವುದಿಲ್ಲ. ಬಿಂದು ಬಂದಾಗಲೂ ಅದು ಪಟ್ಟಿಯಲ್ಲಿ ಮೇಲಿರುವವರಿಗೆ. ಮೇಲಿರುವವರು ಯಾರೆಂದರೆ ಮೊದಲು ಓದಿ ಮೊದಲು ಸೇವೆಗೆ ಬಂದ ಸಮುದಾಯದವರು.

ಬಡ್ತಿ ಮೀಸಲಾತಿಯ ದೊಡ್ಡ ಕಾನೂನು ಕದನ ನಡೆದದ್ದೂ ಕರ್ನಾಟಕದ ಹೆಸರಿನಲ್ಲೇ. ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರುವರಿ 9ರಂದು ರಾಜ್ಯದ 2002ರ ಕಾಯ್ದೆ ಮೀಸಲಾತಿಯಿಂದ ಬಡ್ತಿ ಪಡೆದವರಿಗೆ ಕೊಟ್ಟಿದ್ದ ತತ್ಪರಿಣಾಮ ಜ್ಯೇಷ್ಠತೆಯನ್ನು ರದ್ದು ಮಾಡಿತು. ಅಪರ ಮುಖ್ಯ ಕಾರ್ಯದರ್ಶಿ ಕೆ. ರತ್ನಪ್ರಭಾ ಸಮಿತಿ ಅಂಕಿಅಂಶ ಕಲೆಹಾಕಿ ವರದಿ ಕೊಟ್ಟಿತು, ಹೊಸ ಕಾಯ್ದೆ ಬಂತು, 2019ರ ಮೇ 10ರಂದು ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಾವಿರಾರು ನೌಕರರ ಹಣೆಬರಹ ಬದಲಿಸಿದ ತೀರ್ಪು ಅದು. ಅದರ ಮಹತ್ವವನ್ನು ಕಡಿಮೆ ಮಾಡುವ ಇರಾದೆ ನನಗಿಲ್ಲ. ಆದರೆ ಎರಡೂ ಕಡೆಯ ವಾದ ನಡೆದದ್ದು ‘ಪ.ಜಾ.’, ‘ಪ.ಪಂ.’ ಎಂಬ ಇಡೀ ಗುಂಪುಗಳ ಲೆಕ್ಕದಲ್ಲಿ. ಜೇನು ಕುರುಬ ಮಹಿಳೆ ಎಂಬ ಎಣಿಕೆಯೇ ಅಲ್ಲಿ ಏಳಲಿಲ್ಲ. ಏಳುವಷ್ಟು ಜನ ಆ ಮೆಟ್ಟಿಲ ಮೇಲೆ ಇದ್ದಿದ್ದರೆ ತಾನೇ!

ನನ್ನ ವಾದ ಶುರುವಾಗುವುದು ಇಲ್ಲಿಂದ. ಮಹಿಳಾ ಅಧಿಕಾರಿಗಳ ಬಗೆಗಿನ ಬರವಣಿಗೆ ಹೆಚ್ಚಾಗಿ ತಲೆಗೆ ತಾಗುವ ಗಾಜಿನ ಛಾವಣಿಯನ್ನು ಹುಡುಕುತ್ತದೆ. ಈ ನಾಲ್ಕು ತಾಲ್ಲೂಕುಗಳ ಹಾಡಿಯ ಹೆಣ್ಣುಮಕ್ಕಳ ಮಟ್ಟಿಗೆ ಛಾವಣಿಯವರೆಗೆ ಹೋಗಿ ನೋಡುವುದು ವ್ಯರ್ಥ. ಅವರಿಗೆ ಸಿಗುವ ಕೆಲಸಗಳೇ ಮೆಟ್ಟಿಲಿಲ್ಲದವು: ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಆಶಾ, ಅತಿಥಿ ಶಿಕ್ಷಕಿ, ಹಾಸ್ಟೆಲ್‌ನ ಹೊರಗುತ್ತಿಗೆ ಅಡುಗೆಯವರು, ಸಂಜೀವಿನಿ ಒಕ್ಕೂಟದ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರ್ತಿ), ಎಲ್‌ಸಿಆರ್‌ಪಿ (ಸ್ಥಳೀಯ ಸಮುದಾಯ ಸಂಪನ್ಮೂಲ ವ್ಯಕ್ತಿ), ಕೃಷಿ ಸಖಿ. ಎಲ್ಲಕ್ಕೂ ಗೌರವಧನ ಅಥವಾ ದಿನಗೂಲಿಯ ಲೆಕ್ಕ. ಎಂಬಿಕೆ ಮಾಡುವ ಕೆಲಸವನ್ನೇ ನೋಡಿ: ಪಂಚಾಯಿತಿ ಮಟ್ಟದ ಒಕ್ಕೂಟದ ಸ್ವಸಹಾಯ ಸಂಘಗಳ ಲೆಕ್ಕ ಬರೆಯುವುದು, ಸಮುದಾಯ ಬಂಡವಾಳ ನಿಧಿಯ ಸಾಲ–ಮರುಪಾವತಿ ನಿಭಾಯಿಸುವುದು, ಸಭೆಯ ನಡಾವಳಿ, ಆಡಿಟ್‌ಗೆ ಪುಸ್ತಕ ಒಪ್ಪಿಸುವುದು. ಬ್ಯಾಂಕಿನ ಕಿರಿಯ ಅಧಿಕಾರಿಯ ಕೆಲಸಕ್ಕೆ ಅದು ಯಾವ ರೀತಿಯಲ್ಲೂ ಕಡಿಮೆಯಲ್ಲ. ಎಷ್ಟು ವರ್ಷ ದುಡಿದರೂ ಅವಳು ಎಂಬಿಕೆಯೇ.

ಇದು ಹೀಗೇಕೆ ಗಟ್ಟಿಯಾಯಿತು ಎಂಬುದಕ್ಕೆ 2006ನೇ ಇಸವಿಯನ್ನು ನೋಡಬೇಕು. ಆ ಒಂದೇ ವರ್ಷದಲ್ಲಿ ನಾಲ್ಕು ಸಂಗತಿಗಳು ನಡೆದವು. ನಾನು ನೋಡಿದ ಮಟ್ಟಿಗೆ ಅವನ್ನು ಒಟ್ಟಿಗಿಟ್ಟು ಓದುವ ರೂಢಿ ನಮ್ಮಲ್ಲಿಲ್ಲ. ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ದಿನಗೂಲಿ ಮತ್ತು ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದಿತು. ಕರ್ನಾಟಕ ಸರ್ಕಾರವೇ ಮೇಲ್ಮನವಿದಾರ. ಅಕ್ಟೋಬರ್ 19ರಂದು ಎಂ. ನಾಗರಾಜ್ ಪ್ರಕರಣ ಬಡ್ತಿ ಮೀಸಲಾತಿಗೆ ಹಿಂದುಳಿದಿರುವಿಕೆ, ಪ್ರಾತಿನಿಧ್ಯದ ಕೊರತೆ, ಆಡಳಿತ ದಕ್ಷತೆ ಎಂಬ ಷರತ್ತುಗಳನ್ನು ಹಾಕಿತು. ಡಿಸೆಂಬರ್ 7ರಂದು ಅಮೀರ್‌ಬಿ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ, ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಸೇವೆಯ ಹುದ್ದೆಯೇ ಅಲ್ಲವೆಂದು ತೀರ್ಮಾನವಾಯಿತು. ಡಿಸೆಂಬರ್ 29ರಂದು ಅರಣ್ಯ ಹಕ್ಕು ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಕಾಡಿನ ಹಕ್ಕಿನ ಬಾಗಿಲು ತೆರೆದ ತಿಂಗಳಲ್ಲೇ, ಕಾಡಂಚಿನ ಹೆಂಗಸಿಗೆ ಕೈಗೆಟುಕುವ ಸರ್ಕಾರಿ ಕೆಲಸ ‘ಹುದ್ದೆ’ ಎಂಬ ಹೆಸರನ್ನೇ ಕಳೆದುಕೊಂಡಿತು. ನ್ಯಾಯಾಧೀಶರಿಗೆ ಹಾಡಿಯ ನೆನಪು ಇದ್ದಿರಲಾರದು. ಪರಿಣಾಮ ಬಿದ್ದದ್ದು ಮಾತ್ರ ಅಲ್ಲಿಯೂ.

ಅಂಗನವಾಡಿಯಲ್ಲಿ ಒಂದು ಕಿರಿದಾದ ಮೆಟ್ಟಿಲಿದೆ, ಅದನ್ನು ಹೇಳದಿದ್ದರೆ ವಾದ ಏಕಪಕ್ಷೀಯವಾದೀತು. ಕೇಂದ್ರದ ಪೋಷಣ್ 2.0 ಮಾರ್ಗಸೂಚಿಯಂತೆ ಕಾರ್ಯಕರ್ತೆಯ ಅರ್ಧದಷ್ಟು ಸ್ಥಾನಗಳನ್ನು ಐದು ವರ್ಷ ದುಡಿದ ಸಹಾಯಕಿಯರಿಂದ, ಮೇಲ್ವಿಚಾರಕಿಯ ಅರ್ಧದಷ್ಟು ಹುದ್ದೆಗಳನ್ನು ಐದು ವರ್ಷದ ಕಾರ್ಯಕರ್ತೆಯರಿಂದ ತುಂಬಬೇಕು, ಉಳಿದ ಅರ್ಹತೆಗಳಿಗೆ ಒಳಪಟ್ಟು. ‘ಉಳಿದ ಅರ್ಹತೆ’ ಎಂಬಲ್ಲೇ ಕುತ್ತಿಗೆ ಸಿಕ್ಕಿಕೊಳ್ಳುವುದು. ರಾಜ್ಯದಲ್ಲಿ ಕಾರ್ಯಕರ್ತೆಗೆ ಈಗ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಬೇಕು. ಮಕ್ಕಳ ಕಲಿಕೆಯ ದೃಷ್ಟಿಯಿಂದ ಅದನ್ನು ತಪ್ಪೆನ್ನಲಾರೆ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಣುಮಗಳಿಲ್ಲದ ಹಾಡಿಯ ಅಂಗನವಾಡಿಗೆ ಪಕ್ಕದ ಊರಿನವರು ಬರುತ್ತಾರೆ; ಹಾಡಿಯವಳು ಮೊದಲ ಮೆಟ್ಟಿಲನ್ನೇ ಬಿಟ್ಟುಕೊಡುತ್ತಾಳೆ. ಮೇಲ್ವಿಚಾರಕಿಯ ಸುದ್ದಿ ಆಮೇಲೆ.

ಎಸ್ಸೆಸ್ಸೆಲ್ಸಿ ಏಕೆ ಮುಗಿಯುವುದಿಲ್ಲ? ಆಶ್ರಮ ಶಾಲೆ ಬಹುಪಾಲು ಕಡೆ ಪ್ರಾಥಮಿಕ ಹಂತಕ್ಕೇ ಮುಗಿಯುತ್ತದೆ. ಮುಂದಿನ ಓದಿಗೆ ಹೋಬಳಿಯ ಹಾಸ್ಟೆಲ್, ಹೊಸ ಜನ, ಹೊಸ ಹಂಗಿಸುವಿಕೆ. ಕಾಫಿ ಹಣ್ಣಿನ ಕೊಯ್ಲಿಗೆ ಅಪ್ಪ–ಅಮ್ಮ ಕೊಡಗಿನ ಲೈನ್‌ಮನೆಗೆ ಹೊರಟಾಗ ಹುಡುಗಿ ತಮ್ಮ–ತಂಗಿಯರನ್ನು ನೋಡಿಕೊಳ್ಳಲು ಜೊತೆಗೆ ಹೋಗುತ್ತಾಳೆ. ಅದಕ್ಕೂ ಹಿಂದಿನದು ಒಕ್ಕಲೆಬ್ಬಿಸಿದ ಕಥೆ. ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿ ಕುಟುಂಬಗಳ ಪರಿಸ್ಥಿತಿ ಅರಿಯಲು ಹೈಕೋರ್ಟ್ ರಚಿಸಿದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಅದು ಗುರುತಿಸಿದ ಕುಟುಂಬಗಳು 3,418. ಒಂದು ತಲೆಮಾರು ಊರಿಲ್ಲದೆ ಅಲೆದರೆ ಅದರ ಲೆಕ್ಕ ಮುಂದಿನ ತಲೆಮಾರಿನ ಜ್ಯೇಷ್ಠತಾ ಪಟ್ಟಿಯಲ್ಲಿ ತೀರುತ್ತದೆ. ಎಚ್.ಡಿ. ಕೋಟೆಯ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1988ರಿಂದ ನಡೆಸಿಕೊಂಡು ಬಂದ ಗಿರಿಜನ ಶಾಲೆಯಂಥವು ಈ ಸರಪಳಿಯನ್ನು ಅಲ್ಲಲ್ಲಿ ಮುರಿದಿವೆ. ಅಲ್ಲಲ್ಲಿ ಮಾತ್ರ.

ಇಷ್ಟೆಲ್ಲ ದಾಟಿ ಕಾಯಂ ಸೇವೆಗೆ ಬಂದವರೂ ಇದ್ದಾರೆ: ಶಿಕ್ಷಕಿಯರು, ಶುಶ್ರೂಷಾಧಿಕಾರಿಗಳು, ವಾರ್ಡನ್‌ಗಳು, ಎಸ್‌ಡಿಎಗಳು. ಇವರ ಅಡ್ಡಿಗಳು ಬೇರೆ ಜಾತಿ. ಕಚೇರಿಯ ನೌಕರರಿಗೆ ಇಲಾಖಾ ಪರೀಕ್ಷೆಗಳಿವೆ. ‘ಅಕೌಂಟ್ಸ್ ಹೈಯರ್ ಆಯ್ತಾ?’ ಎಂಬುದು ಕಚೇರಿಗಳಲ್ಲಿ ಕುಶಲಪ್ರಶ್ನೆಯಷ್ಟೇ ಸಾಮಾನ್ಯ. ಯಾವ ಪೇಪರಿಗೆ ಯಾವ ಪುಸ್ತಕ, ಯಾವಾಗ ಅರ್ಜಿ ಎಂಬುದನ್ನು ಹಿರಿಯ ಸಹೋದ್ಯೋಗಿಗಳು ಚಹಾ ಹೊತ್ತಿನಲ್ಲಿ ತಮ್ಮವರಿಗೆ ಹೇಳುತ್ತಾರೆ. ಆ ಚಹಾದ ಗುಂಪಿನಲ್ಲಿ ಹಾಡಿಯಿಂದ ಬಂದ ಒಬ್ಬಳೇ ಹೆಂಗಸು ನಿಲ್ಲುವುದು ಅಪರೂಪ. ಪಾಸಾಗದಿರುವುದು ಅವಳ ದಡ್ಡತನವೆಂದು ದಾಖಲಾಗುತ್ತದೆ. ಅವಳಿಗೆ ಹೇಳದೇ ಉಳಿದದ್ದು ದಾಖಲಾಗುವುದಿಲ್ಲ.

ಬಡ್ತಿಯ ಜೊತೆಗೆ ವರ್ಗಾವಣೆ. ಕಾಡಂಚಿನ ಶಾಲೆಯಿಂದ ಇನ್ನೊಂದು ತಾಲ್ಲೂಕಿಗೆ ಹೋಗಬೇಕೆಂದರೆ ಬೆಳಿಗ್ಗೆ ಒಂದೇ ಬಸ್ಸು, ಮನೆಯಲ್ಲಿ ಹಿರಿಯರು, ಅಲ್ಲಿ ಬಾಡಿಗೆ ಮನೆ ಕೇಳಿದರೆ ‘ನಿಮ್ಮದು ಯಾವ ಜನ?’ ಎಂಬ ಪ್ರಶ್ನೆ. ಬಡ್ತಿ ಬೇಡವೆಂದು ಬರೆದುಕೊಡುವ ಶಿಕ್ಷಕಿಯರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಇವರ ವಿಷಯದಲ್ಲಿ ಬಾಡಿಗೆ ಮನೆಯ ಆ ಪ್ರಶ್ನೆ ಒಂದು ಹೆಚ್ಚಿನ ಕಾರಣ. ಬರೆದುಕೊಡದೆ ಉಳಿದವರಲ್ಲಿ ಕೆಲವರು ‘ಪ್ರಭಾರ’ದಲ್ಲಿ ವರ್ಷಗಟ್ಟಲೆ ಇರುತ್ತಾರೆ. ಪ್ರಭಾರ ಮುಖ್ಯಶಿಕ್ಷಕಿ ಬಿಸಿಯೂಟದ ದಾಸ್ತಾನು ವಹಿಯಿಂದ ಎಸ್‌ಡಿಎಂಸಿ ಸಭೆಯವರೆಗೆ ಎಲ್ಲವನ್ನೂ ಮಾಡುತ್ತಾಳೆ, ಅಕ್ಕಿ ಕಡಿಮೆಯಾದರೆ ನೋಟಿಸು ಅವಳಿಗೇ ಬರುತ್ತದೆ. ಹುದ್ದೆ ಮಾತ್ರ ಖಾಲಿ ಎಂದೇ ಲೆಕ್ಕ.

ಇನ್ನು ಚುನಾಯಿತ ಕುರ್ಚಿ. ಕರ್ನಾಟಕ 1983ರ ಕಾಯ್ದೆಯಲ್ಲೇ, ದೇಶಕ್ಕೆ 73ನೇ ತಿದ್ದುಪಡಿ ಬರುವ ಮೊದಲೇ, ಮಹಿಳೆಯರಿಗೆ ಶೇ 25 ಸ್ಥಾನ ಕೊಟ್ಟ ರಾಜ್ಯ. 2010ರಲ್ಲಿ ಅದು ಶೇ 50 ಆಯಿತು. ಅಧ್ಯಕ್ಷಗಿರಿ ‘ಪ.ಪಂ. ಮಹಿಳೆ’ಗೆ ಮೀಸಲಾದಾಗ ಹಾಡಿಯಿಂದ ಗೆದ್ದ ಒಬ್ಬಳೇ ಸದಸ್ಯೆ ರಾತ್ರಿ ಬೆಳಗಾಗುವುದರೊಳಗೆ ಅಧ್ಯಕ್ಷೆಯಾಗುವುದುಂಟು. 2020ರ ಚುನಾವಣೆಯ ನಂತರ ಆ ಅವಧಿ 30 ತಿಂಗಳು. ಪಿಡಿಒ ಜೊತೆ ಅವಳ ಸಹಿ ಇಲ್ಲದೆ ಹಣ ಹೊರಗೆ ಹೋಗುವಂತಿಲ್ಲ. ಸಹಿ ಈಗ ಡಿಜಿಟಲ್. ಅದರ ಡೋಂಗಲ್ ಬೆರಳಿನಷ್ಟು ಚಿಕ್ಕದು. ಅದು ಅಧ್ಯಕ್ಷೆಯ ಕೈಚೀಲದಲ್ಲಿದೆಯೋ ಕಂಪ್ಯೂಟರ್ ಆಪರೇಟರ್‌ನ ಡ್ರಾಯರಿನಲ್ಲಿದೆಯೋ ಎಂದು ಕೇಳಿದರೆ ಆ ಪಂಚಾಯಿತಿಯಲ್ಲಿ ಅಧಿಕಾರ ಯಾರ ಬಳಿ ಇದೆ ಎಂಬುದಕ್ಕೆ ಬೇರೆ ಪ್ರಶ್ನಾವಳಿ ಬೇಕಾಗುವುದಿಲ್ಲ. ಸಂಬೋಧನೆಯನ್ನೂ ಗಮನಿಸಬೇಕು. ಬಲಾಢ್ಯ ಜಾತಿಯ ಅಧ್ಯಕ್ಷೆ ಬಂದರೆ ‘ಬನ್ನಿ ಮೇಡಂ’ ಎನ್ನುವ ನಾಲಗೆಯೇ ಹಾಡಿಯ ಅಧ್ಯಕ್ಷೆಗೆ ‘ಬಾರಮ್ಮ, ಕೂತ್ಕೋ’ ಎನ್ನುತ್ತದೆ; ಹೊರಗೆ ಜಗಲಿಯಲ್ಲಿ ನಿಂತ ಅವಳ ಗಂಡನನ್ನು ಗುತ್ತಿಗೆದಾರರು ಪಕ್ಕಕ್ಕೆ ಕರೆದೊಯ್ಯುತ್ತಾರೆ. ಇಷ್ಟರ ನಡುವೆಯೂ ಪಟ್ಟು ಹಿಡಿದು ಹಾಡಿಗೆ ಕೊಳಾಯಿ ಹಾಕಿಸಿದವರು, ಬೀದಿದೀಪ ತಂದವರು ಇದ್ದಾರೆ. ಅವಧಿ ಮುಗಿದ ಮರುದಿನ ಅವರಲ್ಲಿ ಹಲವರು ಹೊಗೆಸೊಪ್ಪಿನ ಹೊಲದ ಕೂಲಿಗೆ ಮರಳುತ್ತಾರೆ. ಮೂವತ್ತು ತಿಂಗಳ ಆಡಳಿತದ ಅನುಭವವನ್ನು ಮುಂದಿನ ಯಾವ ಹುದ್ದೆಗೂ ಅರ್ಹತೆಯೆಂದು ಎಣಿಸುವ ನಿಯಮ ನಮ್ಮಲ್ಲಿಲ್ಲ.

ಎಚ್.ಡಿ. ಕೋಟೆ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಂದಿನಿಂದ ಗೆದ್ದವರೆಲ್ಲ ಗಂಡಸರು. ಸಂತಾಲ ಸಮುದಾಯದ ದ್ರೌಪದಿ ಮುರ್ಮು ರಾಷ್ಟ್ರಪತಿಯಾದ ಉದಾಹರಣೆಯನ್ನು ಇಂಥ ಚರ್ಚೆಗಳಲ್ಲಿ ತಪ್ಪದೆ ಎತ್ತುತ್ತಾರೆ. ಅವರು 1979ರಲ್ಲಿ ಒಡಿಶಾ ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿ ಸೇರಿದವರು, 1983ರಲ್ಲಿ ಬಿಟ್ಟರು. ಮೇಲೇರಿದ್ದು 1997ರಲ್ಲಿ ಪುರಸಭೆಗೆ ಗೆದ್ದ ನಂತರ. ಗುಮಾಸ್ತಿಕೆಯ ಏಣಿ ಅವರನ್ನೂ ಎಲ್ಲಿಗೂ ಒಯ್ಯಲಿಲ್ಲ.

ನಮ್ಮ ಈ ಕಾಡಂಚಿನ ಸೀಮೆಯಲ್ಲೇ ಎರಡು ಭಿನ್ನ ಚಿತ್ರಗಳಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟನ್ನರು 1960ರ ಸುಮಾರಿಗೆ ಬಂದರು. ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಮಠ ಎಲ್ಲವನ್ನೂ ತಮ್ಮದೇ ಆಗಿ ಕಟ್ಟಿಕೊಂಡರು. ನಿರಾಶ್ರಿತರಾದರೂ ಅವರ ಹೆಣ್ಣುಮಕ್ಕಳಿಗೆ ಏರಲು ಒಳಗೇ ಒಂದು ಏಣಿ ಸಿಕ್ಕಿತು. ಅಲ್ಲಿಯೂ ಕೊನೆಯ ಮೆಟ್ಟಿಲು ತಡವಾಗಿಯೇ ತೆರೆಯಿತು: ಟಿಬೆಟನ್ ಬೌದ್ಧ ವಿದ್ವತ್ತಿನ ಉನ್ನತ ಪದವಿಯಾದ ಗೆಶೆಗೆ ಸಮನಾದ ಗೆಶೆಮಾ ಪದವಿ ಇಪ್ಪತ್ತು ಮಂದಿ ಭಿಕ್ಷುಣಿಯರಿಗೆ ದೊರೆತದ್ದು 2016ರ ಡಿಸೆಂಬರ್‌ನಲ್ಲಿ, ನಮ್ಮದೇ ಉತ್ತರ ಕನ್ನಡದ ಮುಂಡಗೋಡಿನಲ್ಲಿ. ಇನ್ನೊಂದು ಪಕ್ಷಿರಾಜಪುರದ್ದು. ಅಲ್ಲಿಯ ಹಕ್ಕಿಪಿಕ್ಕಿ ಹೆಂಗಸರು ಗಿಡಮೂಲಿಕೆ ಎಣ್ಣೆ ಕಾಯಿಸಿ, ಶೀಶೆಗೆ ತುಂಬಿ, ಕೊರಿಯರ್‌ಗೆ ಕಟ್ಟಿ, ಫೋನಿನಲ್ಲೇ ಗಿರಾಕಿ ಹಿಡಿದು ‘ಆದಿವಾಸಿ ಕೂದಲೆಣ್ಣೆ’ಯನ್ನು ದೇಶವೆಲ್ಲ ಮಾರುತ್ತಾರೆ. ಎಣ್ಣೆಯ ಗುಣದ ಬಗ್ಗೆ ನಾನು ಏನನ್ನೂ ಹೇಳಲಾರೆ. ಕೊಳ್ಳುವಿಕೆ, ತಯಾರಿಕೆ, ಬೆಲೆ, ಸಾಗಣೆ ಎಲ್ಲವನ್ನೂ ನಿಭಾಯಿಸುವ ಈ ಹೆಂಗಸರ ಸಾಮರ್ಥ್ಯದ ಬಗ್ಗೆ ಅನುಮಾನವಿಲ್ಲ. ಅವರು ಆಫ್ರಿಕಾದವರೆಗೂ ವ್ಯಾಪಾರಕ್ಕೆ ಹೋಗುವ ಜನ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳಿದ್ದದ್ದು ಪತ್ರಿಕೆಗಳಲ್ಲಿ ಬಂದಾಗಲೇ ಹೊರಗಿನವರಿಗೆ ಅದು ಗೊತ್ತಾದದ್ದು. ಆಡಳಿತ ಸಾಮರ್ಥ್ಯದ ಕೊರತೆಯೇ ಬಡ್ತಿಯ ಕೊರತೆಗೆ ಕಾರಣ ಎನ್ನುವವರು ಹುಣಸೂರು ದಾಟುವ ಮುನ್ನ ಅಲ್ಲಿಗೊಮ್ಮೆ ಹೋಗಿ ಬರಬಹುದು.

ಪರಿಹಾರವೆಂದು ಹೆಚ್ಚು ಕೇಳಿಬರುವುದು ಪಂಗಡದೊಳಗಿನ ಒಳಮೀಸಲಾತಿ. ಪಂಗಡದ ಪಾಲು 2022ರಲ್ಲಿ ಶೇ 3ರಿಂದ 7ಕ್ಕೆ ಏರಿದಾಗಲೇ ಅರಣ್ಯಮೂಲದ ಬುಡಕಟ್ಟುಗಳು ಪ್ರತ್ಯೇಕ ಪಾಲು ಕೇಳಿದ್ದವು. ಒಳವರ್ಗೀಕರಣಕ್ಕೆ ಅವಕಾಶ ಕೊಟ್ಟ ಸುಪ್ರೀಂ ಕೋರ್ಟಿನ 2024ರ ಆಗಸ್ಟ್ 1ರ ದವಿಂದರ್ ಸಿಂಗ್ ತೀರ್ಪಿನ ನಂತರ ರಾಜ್ಯವು ಪರಿಶಿಷ್ಟ ಜಾತಿಯ ಶೇ 17ನ್ನು 2025ರ ಆಗಸ್ಟ್‌ನಲ್ಲಿ 6, 6, 5 ಎಂದು ಹಂಚಿತು, ಪಂಗಡವನ್ನು ಮುಟ್ಟಲಿಲ್ಲ. ಬೇಡಿಕೆ ನ್ಯಾಯವಾದದ್ದೇ. ಆದರೆ ಅದರಿಂದ ತೆರೆಯುವುದು ಮುಂಬಾಗಿಲು. ಗೌರವಧನದ ಕೆಲಸದಲ್ಲಿ ಈಗಾಗಲೇ ಹದಿನೈದು–ಇಪ್ಪತ್ತು ವರ್ಷ ಕಳೆದ ಹೆಂಗಸಿಗೆ ವಯೋಮಿತಿ ಮೀರಿ ಆ ಬಾಗಿಲು ಮುಚ್ಚಿಹೋಗಿದೆ. ಅವಳು ಅಂಗನವಾಡಿಯವಳಾದರೆ ಅವಳ ಮಟ್ಟಿಗೆ ಇರುವ ಏಕೈಕ ದಾರಿ ಮೇಲ್ವಿಚಾರಕಿ ಹುದ್ದೆಗಳಲ್ಲಿ ಕಾರ್ಯಕರ್ತೆಯರಿಗಿರುವ ಆ ಅರ್ಧ ಪಾಲು.

ಹಾಗಾಗಿ ಮುಂದಿನ ಅಧ್ಯಯನಕ್ಕೆ ಎರಡು ಕೆಲಸ ಸೂಚಿಸುತ್ತೇನೆ. ಮೊದಲನೆಯದು ಖರ್ಚಿಲ್ಲದ್ದು: ಜ್ಯೇಷ್ಠತಾ ಪಟ್ಟಿಯ ‘ಪ.ಪಂ.’ ಕಾಲಂನ ಪಕ್ಕದಲ್ಲಿ ಬುಡಕಟ್ಟಿನ ಹೆಸರನ್ನು ಬರೆಯುವುದು. ಸಿಂಧುತ್ವ ಪ್ರಮಾಣಪತ್ರದಲ್ಲಿ ಆ ಹೆಸರು ಇದ್ದೇ ಇದೆ, ಪಟ್ಟಿಗೆ ಇಳಿಸುವುದಷ್ಟೇ ಬಾಕಿ. ಎರಡನೆಯದು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸಿಡಿಪಿಒ ಕಚೇರಿಗಳಲ್ಲಿ ಮೇಲ್ವಿಚಾರಕಿ ಹುದ್ದೆಗೆ ಕಾರ್ಯಕರ್ತೆಯರಿಂದ ಬಡ್ತಿಯಾದ ಪ್ರತಿಯೊಂದು ಆದೇಶವನ್ನೂ ತೆಗೆದು ಮೂರು ಪ್ರಶ್ನೆ ಕೇಳುವುದು: ಅರ್ಹತಾ ಪಟ್ಟಿಯಲ್ಲಿ ಹಾಡಿಯವರು ಇದ್ದರೇ, ಇದ್ದವರು ಯಾವ ಪ್ರಮಾಣಪತ್ರದ ಕೊರತೆಯಿಂದ ಬಿದ್ದರು, ಅದನ್ನು ಒದಗಿಸಲು ಅವರಿಗೆ ಎಷ್ಟು ದಿನದ ಗಡುವು ಕೊಡಲಾಗಿತ್ತು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಮೂರನೆಯ ಪ್ರಶ್ನೆಯನ್ನೇ ಮೊದಲಿಗೆ ಹಾಕುವುದು ಲೇಸು. ಗಡುವಿನ ದಿನಾಂಕ ಪ್ರತಿ ನೋಟಿಸಿನಲ್ಲೂ ಇರುತ್ತದೆ, ಲಭ್ಯವಿಲ್ಲವೆಂದು ಹೇಳಲು ಕಚೇರಿಗೆ ಅವಕಾಶವಿರುವುದಿಲ್ಲ.